ಬಾಂದೊ ಮತ್ತು ಹನ್ನೆರಡು ಮೂಲೆಗಳು

ನಿವೃತ್ತಿಯಾಗಿ ಆರು ವರ್ಷವಾದರೂ ಯಾರಾದರೂ ಬಾಗಿಲು ತಟ್ಟಿದರೆ ನನ್ನ ಕೈ ಮೊದಲು ಕನ್ನಡಕದ ಕಡೆ ಹೋಗುತ್ತದೆ. ಓದಿಸಿಕೊಳ್ಳಲು ಏನೋ ಕಾಗದ ತಂದಿರುತ್ತಾರೆ ಎಂಬ ಲೆಕ್ಕ. ಹೆಚ್ಚಿನ ಸಲ ತಂದೇ ಇರುತ್ತಾರೆ. ಹೋದ ತಿಂಗಳು ಬಂದವರು ಇಬ್ಬರು ಹೆಣ್ಣುಮಕ್ಕಳು. ಗ್ರಾಮ ಆಡಳಿತಾಧಿಕಾರಿಗಳಾಗಿ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ನನ್ನ ಕಾಲದಲ್ಲಿ ಇದೇ ಕೆಲಸಕ್ಕೆ ಗ್ರಾಮ ಲೆಕ್ಕಿಗ ಎನ್ನುತ್ತಿದ್ದರು.

"ಮೇಡಂ, ಡಂಗುರದ ಮಹಜರಿನ ನಮೂನಿ ಒಂದಿದ್ರ ಕೊಡ್ರಿ. ತಾರೀಖು, ಊರ ಹೆಸರು ಅಷ್ಟ ಬದ್ಲಿ ಮಾಡ್ಕೊಂತೀವಿ" ಎಂದಳು ಒಬ್ಬಳು.

ಓದುವವರಿಗೆ ಇದು ಗೊತ್ತಿರಲಿಕ್ಕಿಲ್ಲ, ಹೇಳಿಬಿಡುತ್ತೇನೆ. ಊರಿಗೆ ಸಂಬಂಧಪಟ್ಟ ಸರಕಾರಿ ಆದೇಶವೇನಾದರೂ ಬಂದರೆ ಅದನ್ನು ಹಲಗೆ, ಅಂದರೆ ತಮಟೆ, ಬಡಿದು ಊರಿಗೆಲ್ಲ ಸಾರಬೇಕು. ಸಾರಿದ್ದು ನಿಜ ಎಂದು ಊರಿನ ಐದು ಜನ ಪಂಚರ ಸಹಿ ಹಾಕಿಸಿ ಬರೆದಿಡುವ ಕಾಗದವೇ ಮಹಜರು. ಆ ಮಕ್ಕಳಿಗೆ ಚಹಾ ಕೊಟ್ಟೆ, ಚುರುಮುರಿ ಕೊಟ್ಟೆ, ನಮೂನೆ ಮಾತ್ರ ಕೊಡಲಿಲ್ಲ. ಯಾಕೆ ಕೊಡಲಿಲ್ಲ ಎಂದು ಕೇಳದೆ ಹೋದರು. ಹಿರಿಯರ ಮುಂದೆ ಯಾಕೆ ಎಂದು ಕೇಳುವ ರೂಢಿ ನಮ್ಮ ಇಲಾಖೆಯಲ್ಲಿ ಇಲ್ಲ. ಅವರು ಕೇಳದಿದ್ದುದಕ್ಕೆ ಉತ್ತರ ಬರೆಯುತ್ತಿದ್ದೇನೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಕಡೆ ಕೆಲಸ ಮಾಡಿದ್ದೇನೆ. ಯಾವ ತಪ್ಪು ಯಾವ ತಾಲ್ಲೂಕಿನಲ್ಲಿ ನಡೆಯಿತು ಎಂದು ಹೇಳುವುದಿಲ್ಲ. ತಪ್ಪು ಮಾಡಿದವಳು ನಾನು, ಊರಿಗೆ ಯಾಕೆ ಕೆಟ್ಟ ಹೆಸರು? ಮುಖ್ಯ ಘಟನೆ ನಡೆದ ಊರನ್ನು ಗುಡ್ಡದೂರು ಎಂದಿಟ್ಟುಕೊಳ್ಳಿ. ನಮ್ಮ ಸೀಮೆಯಲ್ಲಿ ಗುಡ್ಡಕ್ಕೇನು ಬರ, ಯಾವ ಊರಾದರೂ ಆದೀತು.

ನಾನು ಸೇರಿದ್ದು ಅನುಕಂಪದ ನೌಕರಿಗೆ. ಅಪ್ಪ ಸೇವೆಯಲ್ಲಿದ್ದಾಗಲೇ ತೀರಿಕೊಂಡರು. ಅವರ ಕುರ್ಚಿಯ ಪಕ್ಕದ ಸ್ಟೂಲು ನನಗೆ ಸಿಕ್ಕಿತು. ಶಿರಸ್ತೇದಾರರು ರುದ್ರಯ್ಯನವರು, ವಿಭೂತಿ ಹಚ್ಚಿಕೊಂಡು ಹತ್ತು ಗಂಟೆಗೆ ಐದು ನಿಮಿಷ ಮೊದಲೇ ಕೂತಿರುತ್ತಿದ್ದರು. ಕೆಲಸ ಕಲಿಸಿದ್ದು ಅವರು. ಸರಕಾರಿ ಆದೇಶಗಳ ಹೆಸರುಗಳನ್ನೇ ಒಂದು ವಾರ ಕಲಿಸಿದರು. "ನೋಡವ್ವ, ಸುತ್ತೋಲಿ ಅಂದ್ರ ಎಲ್ರೂ ಓದಿ ಯಾರೂ ಮಾಡದಿರೋದು. ಜ್ಞಾಪನ ಅಂದ್ರ ಒಬ್ಬನ ಓದಿ ಹೆದ್ರೋದು. ನಡಾವಳಿ ಅಂದ್ರ ಮ್ಯಾಲಿನವ್ರು ಮೊದ್ಲ ತೀರ್ಮಾನ ಮಾಡಿ ಆಮ್ಯಾಗ ಚರ್ಚಿ ಮಾಡಿದಂಗ ಬರಿಯೋದು. ಅಧಿಸೂಚನಿ ಅಂದ್ರ ರಾಜ್ಯಪತ್ರದಾಗ ಹೂತು ಹಾಕೋದು." ನಗದೆ ಹೇಳುತ್ತಿದ್ದರು. ನಾನೂ ನಗದೆ ಬರೆದುಕೊಳ್ಳುತ್ತಿದ್ದೆ. ಆ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಕೊನೆಯ ಪುಟದಲ್ಲಿ ಒಂದು ಸ್ಪ್ಯಾನಿಷ್ ಪದವಿದೆ, ಅದರ ಮಾತು ಮುಂದೆ ಬರುತ್ತದೆ.

ರುದ್ರಯ್ಯನವರು ಒಳ್ಳೆಯ ಮನುಷ್ಯ. ನನ್ನನ್ನು ಕೆಡಿಸಿದವರೂ ಅವರೇ. ಮೊದಲ ಬೇಸಿಗೆಯಲ್ಲಿ ಒಂದು ಹಳ್ಳಿಗೆ ಹೋಗಿ ಡಂಗುರ ಸಾರಿಸಿ ಮಹಜರು ಬರೆದುಕೊಂಡು ಬರಬೇಕಿತ್ತು. ಬಸ್ಸಿಳಿದು ನಾಲ್ಕು ಮೈಲಿ ನಡಿಗೆ. ನಾನು ಕೊಡೆ ಹುಡುಕುತ್ತಿರುವುದನ್ನು ನೋಡಿ ಅವರು, "ಹೆಣ್ಣುಮಗಳು ಈ ಬಿಸಿಲಾಗ ಎಲ್ಲಿಗೆ ಹೋಗ್ತಿಯವ್ವ? ಕುಂದ್ರು ಇಲ್ಲೇ. ನಾ ಹೇಳ್ತೀನಿ, ನೀ ಬರಕೋ. ಸಹಿ ತಳವಾರ ಹಾಕಿಸ್ಕೊಂಡು ಬರ್ತಾನ" ಎಂದರು. "ಸದರಿ ದಿನ ಬೆಳಗ್ಗೆ ಗ್ರಾಮದ ಎಲ್ಲಾ ಬೀದಿಗಳಲ್ಲಿ ಡಂಗುರ ಸಾರಿಸಲಾಗಿ ಸರ್ವರೂ ಕೇಳಿ ತಿಳಿದಿರುತ್ತಾರೆ" ಎಂದು ನಾನು ಫ್ಯಾನಿನ ಕೆಳಗೆ ಕೂತು ಬರೆದೆ. ಇದಕ್ಕೆ ಇಲಾಖೆಯಲ್ಲಿ ಟೇಬಲ್ ಮಹಜರು ಎನ್ನುತ್ತಾರೆ. ಅವತ್ತು ಅವರ ಕರುಣೆ ನೋಡಿ ನನಗೆ ಕಣ್ಣು ತುಂಬಿ ಬಂದಿತ್ತು, ಅಪ್ಪ ಇದ್ದಿದ್ದರೂ ಹೀಗೇ ಹೇಳುತ್ತಿದ್ದರು ಅನ್ನಿಸಿತ್ತು. ಆಮೇಲೆ ಹದಿನೆಂಟು ವರ್ಷ ನಾನು ಬಿಸಿಲಿಲ್ಲದ ದಿನವೂ ಹಾಗೇ ಬರೆದೆ.

ಇದರಲ್ಲಿ ಒಮ್ಮೆ ಸಿಕ್ಕಿಬಿದ್ದದ್ದೂ ಉಂಟು. ಆಗ ಗುಡ್ಡದೂರು ನನ್ನ ವೃತ್ತಕ್ಕೆ ಸೇರಿತ್ತು. ಅಲ್ಲಿನ ತಳವಾರ ಪರಸಪ್ಪ. ಸರಕಾರ ಅವನಿಗೆ ಗ್ರಾಮ ಸಹಾಯಕ ಎಂಬ ಹೆಸರು ಕೊಟ್ಟಿತ್ತು, ಕಾಯಂ ಮಾತ್ರ ಮಾಡಿರಲಿಲ್ಲ. ಹಲಗೆ ಬಡಿಯುವವನು ಅವನೇ, ಚಾವಡಿಯ ಬೀಗ ಇಟ್ಟುಕೊಳ್ಳುವವನೂ ಅವನೇ. ಒಂದು ಸೋಮವಾರ ಬೆಳಗ್ಗೆ ಪರಸಪ್ಪ ಊರೆಲ್ಲ ಡಂಗುರ ಸಾರಿದ ಎಂದು ನಾನು ಮಹಜರು ಬರೆದೆ. ಆ ಸೋಮವಾರ ಬೆಳಗ್ಗೆ ಕೊಟ್ಟೂರಿನಲ್ಲಿ ಪರಸಪ್ಪನ ಮಗಳ ಮದುವೆ. ನಾನೂ ಹೋಗಿದ್ದೆ, ಆಗಿನ ತಹಶೀಲ್ದಾರರೂ ಬಂದಿದ್ದರು, ಇಬ್ಬರೂ ಒಂದೇ ಪಂಕ್ತಿಯಲ್ಲಿ ಗೋಧಿ ಹುಗ್ಗಿ ಉಂಡಿದ್ದೆವು. ಮೂರು ದಿನ ಬಿಟ್ಟು ಕಡತ ಅವರ ಮುಂದೆ ಹೋಯಿತು. ಕರೆಸಿದರು.

"ಏನ್ರಿ ಗಿರಿಜಮ್ಮ, ಪರಸಪ್ಪ ಮಗಳ ಮದಿವ್ಯಾಗ ಅಕ್ಕಿಕಾಳು ಹಾಕ್ಕೊಂತ ಹಲಗಿ ಬಡಿದನೇನ್ರಿ?"

ನಾನು ನೆಲ ನೋಡಿದೆ. ಅವರು ನಕ್ಕರು, ತಾರೀಖು ತಿದ್ದಿಕೊಂಡು ಬನ್ನಿ ಎಂದರು. ಹೋಗಿ ಡಂಗುರ ಸಾರಿಸಿ ಎಂದು ಅವರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಆ ತಪ್ಪಿನಿಂದ ನಾನು ಕಲಿತ ಪಾಠ, ಮಹಜರು ಬರೆಯುವ ಮೊದಲು ಲಗ್ನಪತ್ರಿಕೆ ನೋಡಬೇಕು ಎಂಬುದು. ಎಷ್ಟೋ ವರ್ಷ ಇದನ್ನು ತಮಾಷೆಯಾಗಿ ಹೇಳಿಕೊಂಡು ತಿರುಗಿದೆ.

ಕೆಲಸದ ರೀತಿ ನನ್ನ ಕಣ್ಣೆದುರೇ ಮೂರು ಸಲ ಬದಲಾಯಿತು. ಮೊದಲು ಕಾರ್ಬನ್ ಹಾಳೆ. ಮೂರನೆಯ ಪ್ರತಿಯಲ್ಲಿ ಅಕ್ಷರ ಕಾಣುತ್ತಿರಲಿಲ್ಲ, ಹಳ್ಳಿಗೆ ಹೋಗುವುದು ಯಾವಾಗಲೂ ಮೂರನೆಯ ಪ್ರತಿಯೇ. ಆಮೇಲೆ ಕೈಗೆಲ್ಲ ಮಸಿ ಬಳಿಯುವ ಸೈಕ್ಲೋಸ್ಟೈಲ್. ಆಮೇಲೆ ಕಂಪ್ಯೂಟರ್ ಬಂತು, ಬರೆಯುವುದು ಹೋಗಿ ತಿದ್ದುವುದು ಬಂತು. ಹಿಂದಿನ ಊರಿನ ಹೆಸರು ಅಳಿಸದೆ ಬಿಟ್ಟು, ಬಾಗಳಿಯ ಕಾಗದದಲ್ಲಿ ತೆಲಿಗಿಯ ಕೆರೆ ಬಂದು ಕೂತದ್ದನ್ನು ನಾನೇ ನೋಡಿದ್ದೇನೆ. ಈಗ ಮೊಬೈಲ್ ಗುಂಪಿಗೆ ಹಾಕಿಬಿಡುತ್ತಾರೆ. ಮಹಜರಿನ ಒಕ್ಕಣೆ ಮಾತ್ರ ರುದ್ರಯ್ಯನವರು ಹೇಳಿ ಬರೆಸಿದ್ದೇ ಉಳಿದಿದೆ. "ಸರ್ವರೂ ಕೇಳಿ ತಿಳಿದಿರುತ್ತಾರೆ."

ಇನ್ನು ಗಾಳಿಯಂತ್ರದ ಕಡತಕ್ಕೆ ಬರುತ್ತೇನೆ.

ನಮ್ಮ ಗುಡ್ಡಗಳ ಮೇಲೆ ಈಗ ಸಾಲಾಗಿ ಕಾಣುವ ಗಾಳಿಯಂತ್ರಗಳು ಆಗಷ್ಟೇ ಬರುತ್ತಿದ್ದವು. ಗುಡ್ಡದೂರಿನ ಗೋಮಾಳದಲ್ಲೂ ಇಂತಿಷ್ಟು ಎಕರೆಯನ್ನು ಯಂತ್ರಗಳಿಗೆ, ಅವುಗಳಿಗೆ ಹೋಗುವ ರಸ್ತೆಗೆ ಕೊಡಬೇಕೆಂದು ಮೇಲಿನಿಂದ ಬಂತು. ಊರಿಗೆ ಸಾರಿ, ಮೂವತ್ತು ದಿನದಲ್ಲಿ ಆಕ್ಷೇಪಣೆ ಬಂದರೆ ತೆಗೆದುಕೊಂಡು, ಬರದಿದ್ದರೆ ಇಲ್ಲವೆಂದು ಬರೆದು ಕಳಿಸಿರಿ ಎಂದು ಆದೇಶ. ಶಿವರಾತ್ರಿ ಕಳೆದಿತ್ತು. ನಾನು ಚಾವಡಿಯ ಕಟ್ಟೆಗೆ ಕೂತು ಮಹಜರು ಬರೆದೆ. ಚಹಾದಂಗಡಿಯಲ್ಲಿ ಕೂತಿದ್ದ ಐವರ ಸಹಿ ಅಲ್ಲೇ ಆಯಿತು. ಮೂರು ಗಂಟೆಯ ಬಸ್ಸು ತಪ್ಪಿದರೆ ಮತ್ತೆ ಸಂಜೆಯವರೆಗೆ ಬಸ್ಸಿಲ್ಲ. ಪರಸಪ್ಪ ಹೆಬ್ಬೆಟ್ಟು ಒತ್ತುವಾಗ, "ಅಕ್ಕಾರ, ಹಲಗಿ ಬಿಸಿಲಿಗೆ ಇಟ್ಟೀನಿ, ಬಿಗಿ ಆಗೈತಿ. ಒಂದು ಸುತ್ತು ಬಡಕೊಂಡು ಬರ್ಲೇನ್ರಿ?" ಎಂದು ಕೇಳಿದ.

"ಈ ಉರಿಬಿಸಿಲಾಗ ಯಾರದಾರಪ್ಪ ಕೇಳಾಕ? ಬ್ಯಾಡ ಬಿಡು" ಎಂದೆ. ರುದ್ರಯ್ಯನವರ ಕರುಣೆಯನ್ನು ನಾನು ಅವನಿಗೆ ದಾಟಿಸಿದೆ.

ಅಲ್ಲಿ ಇನ್ನೊಬ್ಬ ಕೂತಿದ್ದ. ಗಾಳಿಯಂತ್ರದ ಕಡೆಯಿಂದ ಬಂದ ಎಂಜಿನಿಯರ್, ಸ್ಪೇನ್ ದೇಶದವನು. ನನ್ನಷ್ಟೇ ವಯಸ್ಸು, ಬಿಸಿಲಿಗೆ ಕೆಂಪಾದ ಕತ್ತು. ಹೆಸರು ಹುಲಿಯಾನ್. ಊರವರಿಗೆ ಅವನು ಬಂದ ಎರಡನೆಯ ದಿನವೇ ಹುಲಿಯಪ್ಪ ಆಗಿದ್ದ, ಅವನೂ ಕರೆದರೆ ತಿರುಗುತ್ತಿದ್ದ. ಗಡಿಕಲ್ಲು ತೋರಿಸಲು ಪರಸಪ್ಪ ಬರಬೇಕೆಂದು ಕಾಯುತ್ತಿದ್ದ. ನನ್ನದು ಕಡತದ ಇಂಗ್ಲಿಷು, ಅವನದು ಯಂತ್ರದ ಇಂಗ್ಲಿಷು, ಹೇಗೋ ನಡೆಯುತ್ತಿತ್ತು.

ಬಿಸಿಲಿಗಿಟ್ಟ ಹಲಗೆ ನೋಡಿ ಇದೇನು ಎಂದು ಕೇಳಿದ. ಸರಕಾರದ ಆದೇಶವನ್ನು ಇದನ್ನು ಬಡಿದು ಸಾರುತ್ತೇವೆ ಎಂದೆ. ಆ ಮನುಷ್ಯನ ಮುಖ ಅರಳಿದ ರೀತಿ ಇನ್ನೂ ನೆನಪಿದೆ. ಎದ್ದು ನಿಂತ. ಅವನ ಅಜ್ಜ ಅವರೂರಿನಲ್ಲಿ ಇದೇ ಕೆಲಸ ಮಾಡುತ್ತಿದ್ದನಂತೆ, ಅದನ್ನು ಪರಸಪ್ಪನಿಗೂ ಕನ್ನಡದಲ್ಲಿ ಹೇಳಿದೆ. ಹಲಗೆಯ ಬದಲು ಗೇಣುದ್ದದ ಹಿತ್ತಾಳೆಯ ತುತ್ತೂರಿ. ಬೀದಿಯ ಮೂಲೆಮೂಲೆಗೆ ನಿಂತು ಊದಿ, ಟೋಪಿ ತೆಗೆದು, ಕೂಗುತ್ತಿದ್ದನಂತೆ. ಹುಲಿಯಾನ್ ಎದೆ ಸೆಟೆಸಿ ಅಜ್ಜನ ದನಿಯಲ್ಲಿ ಕೂಗಿ ತೋರಿಸಿದ. "ದೆ ಓರ್ದೆನ್ ದೆಲ್ ಸೆನ್ಯೋರ್ ಅಲ್ಕಾಲ್ದೆ, ಸೆ ಆಸೆ ಸಾಬೇರ್." ಚಹಾದಂಗಡಿಯವರೆಲ್ಲ ಎದ್ದು ನೋಡಿದರು. ಅರ್ಥ ಕೇಳಿದೆ. ಊರಾಡಳಿತದ ಮುಖ್ಯಸ್ಥರ ಆಜ್ಞೆಯ ಮೇರೆಗೆ ತಿಳಿಯಪಡಿಸುವುದೇನೆಂದರೆ, ಎಂದಾಯಿತು. ನನಗೆ ನಗು ಬಂತು. ಸಮುದ್ರದಾಚೆಯೂ ನಮ್ಮ ಒಕ್ಕಣೆಯೇ.

ಹಾಗೆ ಕೂಗುವ ಆಜ್ಞೆಗೆ ಅವರಲ್ಲಿ ಬಾಂದೊ ಎನ್ನುತ್ತಾರೆ. ನನ್ನ ಪುಸ್ತಕದ ಕೊನೆಯ ಪುಟದಲ್ಲಿ ಅವನ ಅಕ್ಷರದಲ್ಲಿ ಬರೆದ, ಕೆಳಗೆ ನಾನು ಕನ್ನಡದಲ್ಲಿ ಬರೆದುಕೊಂಡೆ. ನಾನು ಆದೇಶಗಳ ಹೆಸರು ಕೂಡಿಹಾಕುವವಳು ಎಂದು ತಿಳಿದು ಖುಷಿಯಾಗಿ ಇನ್ನೊಂದು ಪದವನ್ನೂ ಹೇಳಿದ, ದೆಕ್ರೇತೊ. ಅದು ಮೇಲಿನ ಸರಕಾರ ಕಾಗದದಲ್ಲಿ ಹೊರಡಿಸುವುದು, ಕಚೇರಿಯಲ್ಲೇ ಇರುತ್ತದೆ. ಬಾಂದೊ ಬೇರೆ, ಅದು ಊರಿನದು. ಈಗ ಅದನ್ನೂ ಗೋಡೆಗೆ ಅಂಟಿಸುತ್ತಾರಂತೆ. ಆದರೆ ಅವನ ಅಜ್ಜ ಹೇಳುತ್ತಿದ್ದುದು ಹೀಗೆ. ಕೂಗುವವರೆಗೆ ಅದು ಬರೀ ಕಾಗದ, ಕೂಗಿದ ಮೇಲೆ ಬಾಂದೊ.

"ನಮ್ಮೂರಲ್ಲಿ ಒಂಬತ್ತು ಮೂಲೆ" ಎಂದು ಒಂಬತ್ತು ಬೆರಳೆತ್ತಿ ತೋರಿಸಿದ. "ಮಳೆ ಬರಲಿ, ಹಿಮ ಬೀಳಲಿ, ಅಜ್ಜ ಒಂಬತ್ತೂ ಮುಗಿಸದೆ ಮನೆಗೆ ಬರುತ್ತಿರಲಿಲ್ಲ. ನಿಮ್ಮಲ್ಲಿ ಎಷ್ಟು ಮೂಲೆ?"

ಸಹಜವಾಗಿ ಕೇಳಿದ ಪ್ರಶ್ನೆ. ನನ್ನ ತೊಡೆಯ ಮೇಲೆ ಹೆಬ್ಬೆಟ್ಟಿನ ಶಾಯಿ ಆರದ ಮಹಜರು. ಹದಿನೆಂಟು ವರ್ಷದಲ್ಲಿ ಈ ಪ್ರಶ್ನೆಯನ್ನು ತಹಶೀಲ್ದಾರರು ಕೇಳಿರಲಿಲ್ಲ, ಲೆಕ್ಕ ತಪಾಸಣೆಯವರು ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

"ಏಳು" ಎಂದೆ.

ಪರಸಪ್ಪನಿಗೆ ಇಂಗ್ಲಿಷ್ ಬರದು. ಆದರೆ ನನ್ನ ಬೆರಳೂ ಏಳು ತೋರಿಸಿತ್ತು. ಅವನು ಒಮ್ಮೆ ನನ್ನ ಮುಖ ನೋಡಿ, ಹಲಗೆಯನ್ನು ಬಿಸಿಲಿನಿಂದ ತೆಗೆದು ಒಳಗಿನ ಗೂಟಕ್ಕೆ ತೂಗುಹಾಕಿದ. ನಾನು ಬಸ್ಸು ಹತ್ತಿದೆ.

ಮೂವತ್ತು ದಿನ ಕಳೆಯಿತು, ಯಾರೂ ಬರಲಿಲ್ಲ. "ಆಕ್ಷೇಪಣೆಗಳು ಸ್ವೀಕೃತವಾಗಿಲ್ಲ" ಎಂದು ಬರೆದು ಕಳಿಸಿದೆ. ಆ ದಿನಗಳಲ್ಲಿ ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರು ಮೇಲಕ್ಕೆ ಬಂದಿತ್ತು. ಮನೆಯಲ್ಲಿ ಎಲ್ಲರೂ ಆ ಮಾತೇ ಆಡುತ್ತಿದ್ದರು.

ಮುಂಗಾರಿನ ಮೊದಲ ಮಳೆಗೆ ಮಾಳವ್ವ ಬಂದಳು. ಗುಡ್ಡದೂರಿನ ಮೇಲ್ಗಡೆ ಕುರಿಗಾರರ ಹಟ್ಟಿಯೊಂದಿದೆ, ಊರಿಗೆ ಸೇರಿದ್ದೇ, ಆದರೆ ಒಂದು ಮೈಲಿ ದೂರ. ಆ ಹಟ್ಟಿಯವಳು. ಅವರು ಸುಗ್ಗಿ ಮುಗಿದ ಮೇಲೆ ಹೊಳೆಯ ಕಡೆಯ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಲು ಮಂದೆ ಹೊಡೆದುಕೊಂಡು ಹೋಗಿ, ಮಳೆ ಬಿದ್ದ ಮೇಲೆ ತಿರುಗಿ ಬರುವ ಜನ. ಮಾಳವ್ವ ಕಚೇರಿಯ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ನೇರ ನನ್ನ ಮೇಜಿಗೆ ಬಂದಳು.

"ಅಕ್ಕಾರ, ನಮ್ಮ ದೊಣಿ ಮ್ಯಾಲೆ ಸುಣ್ಣದ ಗೆರಿ ಎಳದಾರ. ಮುಚ್ಚಿ ರಸ್ತಾ ಮಾಡ್ತಾರಂತ. ಯಾರನ್ನ ಕೇಳಿ ಎಳದ್ರಿ?"

ದೊಣೆಯೆಂದರೆ ಗುಡ್ಡದ ಬಂಡೆಯಲ್ಲಿ ತಾನಾಗಿ ಆದ ನೀರಿನ ಗುಂಡಿ. ಆ ಗುಡ್ಡದಲ್ಲಿ ಬೇಸಿಗೆಗೂ ಬತ್ತದ್ದು ಅದೊಂದೇ. ಅದು ಹೋದರೆ ಹಟ್ಟಿಯವರು ಕುರಿಗಳನ್ನು ದಿನಾ ಕೆಳಗಿನ ಊರಿನ ಕೆರೆಗೆ ಹೊಡೆದುಕೊಂಡು ಬರಬೇಕು, ಇಲ್ಲವೆ ಹಟ್ಟಿಯನ್ನೇ ಬಿಡಬೇಕು. ನಾನು ಕಡತ ತೆಗೆದು ಮಹಜರು ತೋರಿಸಿ, ಡಂಗುರ ಸಾರಿದ್ದೆವು, ನೀವು ಹೊಳೆ ಕಡೆ ಹೋಗಿದ್ದಿರಿ, ಯಾರೂ ತಕರಾರು ಹೇಳಲಿಲ್ಲ ಎಂದೆ.

ಮಾಳವ್ವ ಕಾಗದ ನೋಡಲಿಲ್ಲ. "ನಾವು ಹೋಗಿದ್ವಿ. ನಮ್ಮತ್ತಿ ಹಟ್ಟಿ ಬಿಟ್ಟು ಹೋಗಿಲ್ಲಲ್ರಿ. ಆಕಿಗೆ ಕಣ್ಣು ಹೋಗಿ ಹತ್ತು ವರ್ಷಾತು. ಕಿವಿ ಮಾತ್ರ ಚುರುಕು. ಊರಾಗ ಯಾವ ಗಾಡಿ ಬಂತು, ಯಾವುದು ಹೋತು, ಗುಡ್ಡದ ಮ್ಯಾಲೆ ಕುಂತು ಹೇಳ್ತಾಳ. ಶಿವರಾತ್ರಿ ಆದಮ್ಯಾಲೆ ಊರಾಗ ಹಲಗಿ ಬಡದಿಲ್ಲ ಅಂತಾಳ ನಮ್ಮತ್ತಿ. ಹಲಗಿ ಸುಳ್ಳು ಹೇಳ್ತೈತೇನು, ನಮ್ಮತ್ತಿ ಸುಳ್ಳು ಹೇಳ್ತಾಳೇನು, ನೀವ ಹೇಳ್ರಿ."

ಅಕ್ಕಪಕ್ಕದ ಮೇಜಿನವರು ಬರೆಯುವುದು ನಿಲ್ಲಿಸಿದರು. ನಾನು ಕಡತದ ದಾರ ಕಟ್ಟಿದೆ. ಅವಳು ಯಾರದೋ ಕೈಯಲ್ಲಿ ಅರ್ಜಿ ಬರೆಸಿ ತಹಶೀಲ್ದಾರರಿಗೆ ಕೊಟ್ಟು ಹೋದಳು.

ಆಗ ಹೊಸ ತಹಶೀಲ್ದಾರರು ಬಂದಿದ್ದರು, ಮೃದುವಾದ ಮನುಷ್ಯ. ಅರ್ಜಿ ನನ್ನ ಮುಂದಿಟ್ಟರು. "ಮಹಜರು ಐತಿ, ಐದು ಸಹಿ ಅದಾವ. 'ನಿಯಮಾನುಸಾರ ಡಂಗುರ ಸಾರಲಾಗಿದೆ' ಅಂತ ಒಂದ ಸಾಲು ವರದಿ ಕೊಡ್ರಿ, ಅರ್ಜಿ ವಿಲೇ ಮಾಡ್ತೀನಿ. ಬಡ್ತಿ ಪಟ್ಟಿ ಈ ವಾರ ಹೊಂಟೈತಿ, ಈಗ್ಯಾಕ ತಲಿಬ್ಯಾನಿ?" ಎಂದರು. ಅವರದೂ ಕರುಣೆಯೇ. ನನ್ನ ವೃತ್ತಿಯಲ್ಲಿ ನನಗೆ ಕೆಟ್ಟವರು ಸಿಕ್ಕಿದ್ದು ಕಡಿಮೆ.

ಒಂದು ದಿನದ ಅವಕಾಶ ಕೇಳಿಕೊಂಡು ಗುಡ್ಡದೂರಿಗೆ ಹೋದೆ. ನನಗೆ ಹೆದರಿಕೆಯಾಗಿತ್ತು. ಸುಳ್ಳು ಮಹಜರು ಎಂದು ಒಪ್ಪಿಕೊಂಡರೆ ವಿಚಾರಣೆ ತಪ್ಪದು, ಬಡ್ತಿ ಹೋಗುತ್ತದೆ, ಕೆಲಸವೂ ಹೋಗಬಹುದು. ನನಗಾದರೂ ವಿಚಾರಣೆ ಉಂಟು, ಪರಸಪ್ಪ ಕಾಯಂ ಅಲ್ಲದ ಮನುಷ್ಯ, ನಾಳೆಯಿಂದ ಬರಬೇಡ ಎಂದರೆ ಮುಗಿಯಿತು. ಅವನು ಬೇಡವೆಂದರೆ ಆ ಒಂದು ಸಾಲು ಬರೆದುಬಿಡುತ್ತೇನೆ ಎಂದುಕೊಂಡೇ ಹೋಗಿದ್ದೆ. ಅವನು ಬೇಡವೆನ್ನಲಿ ಎಂದೇ ಒಳಗೊಳಗೆ ಆಸೆಯಿತ್ತು.

ಚಾವಡಿಯ ಕಟ್ಟೆಯಲ್ಲಿ ಕೂತು ಎಲ್ಲ ಹೇಳಿದೆ.

"ನೀವು ಹೆಂಗ ಬರದ್ರೂ ನನ್ನ ಹೆಬ್ಬೆಟ್ಟು ಅಲ್ಲೇ ಇರ್ತೈತ್ರಿ ಅಕ್ಕಾರ" ಎಂದ ಪರಸಪ್ಪ. "ಒಂದು ಮಾತು ಹೇಳ್ಲೇನ್ರಿ? ಅವತ್ತು ಹುಲಿಯಪ್ಪ ಎಷ್ಟು ಮೂಲಿ ಅಂತ ಕೇಳ್ದ. ನೀವು ಏಳು ಅಂದ್ರಿ. ನನಗ ಭಾಳ ನಾಚಿಕಿ ಆತ್ರಿ. ಬಡೀದ ಬಿಟ್ಟಿದ್ದಕ್ಕಲ್ಲ, ಅದು ಎಷ್ಟೋ ಸಲ ಬಿಟ್ಟೀವಿ. ಏಳು ಅಂದಿದ್ದಕ್ಕ. ಊರಾಗ ಹನ್ನೊಂದು, ಹಟ್ಟಿ ಹಿಡದ್ರ ಹನ್ನೆರಡು. ನಮ್ಮಪ್ಪ ಹನ್ನೆರಡೂ ಬಡೀತಿದ್ದ. ಆ ಹುಲಿಯಪ್ಪನ ಅಜ್ಜನಕಿಂತ ಮೂರು ಹೆಚ್ಚಿಗಿ."

ಅವತ್ತು ಹುಲಿಯಾನ್ ಬೆರಳಿನಲ್ಲಿ ಒಂಬತ್ತು ತೋರಿಸಿದ್ದನ್ನೂ ಅವನು ಲೆಕ್ಕ ಹಿಡಿದಿದ್ದ. ನನಗೆ ಕೂತ ಕಟ್ಟೆಯೇ ಚುಚ್ಚಿದಂತಾಯಿತು. ಇಷ್ಟು ವರ್ಷ ನಾನು ಅವನ ಬಿಸಿಲನ್ನು ತಪ್ಪಿಸುತ್ತಿದ್ದೇನೆ ಎಂದುಕೊಂಡಿದ್ದೆ. ಅವನ ಕೆಲಸವನ್ನೇ ಕಸಿದುಕೊಂಡಿದ್ದೆ.

ಮರುದಿನ ವರದಿ ಬರೆದೆ, ಮೂರೇ ಸಾಲು. ಸದರಿ ದಿನ ಡಂಗುರ ಸಾರಿಲ್ಲ. ಮಹಜರನ್ನು ನಾನು ಚಾವಡಿಯಲ್ಲಿ ಕೂತು ಬರೆದಿರುತ್ತೇನೆ. ಗ್ರಾಮ ಸಹಾಯಕನು ಸಾರಲು ಸಿದ್ಧನಿದ್ದು, ನಾನು ಬೇಡವೆಂದ ಕಾರಣ ಸಾರಿರುವುದಿಲ್ಲ.

ತಹಶೀಲ್ದಾರರು ಎರಡು ಸಲ ಓದಿದರು. ಪೆನ್ನು ನನ್ನ ಕಡೆ ಚಾಚಿ, "ಒಂದ ಶಬ್ದ ಸೇರಸ್ರಿ ಸಾಕು. 'ಸಾರಿಲ್ಲ' ಅನ್ನೋ ಬದ್ಲಿ 'ಸಮರ್ಪಕವಾಗಿ ಸಾರಿಲ್ಲ' ಅಂತ ಮಾಡ್ರಿ. ನಿಮಗೂ ಒಳ್ಳೇದು, ಆಫೀಸಿಗೂ ಒಳ್ಳೇದು" ಎಂದರು.

ಪೆನ್ನು ತೆಗೆದುಕೊಂಡದ್ದು ನಿಜ. ಎರಡು ನಿಮಿಷ ಕೈಯಲ್ಲಿ ಹಿಡಿದಿದ್ದೆ. ಆಮೇಲೆ ಅವರ ಮೇಜಿನ ಮೇಲಿಟ್ಟು, "ಒಂದು ಮೂಲಿನೂ ಬಡದಿಲ್ಲ ಸರ್" ಎಂದೆ.

ಮುಂದಿನದು ಇಂಥ ಬರಹಗಳಲ್ಲಿ ವಿಸ್ತಾರವಾಗಿ ಬರುತ್ತದೆ, ನಾನು ಚಿಕ್ಕದಾಗಿ ಮುಗಿಸುತ್ತೇನೆ. ವಿಚಾರಣೆಯಾಯಿತು. ಬಡ್ತಿ ಪಟ್ಟಿಯಿಂದ ನನ್ನ ಹೆಸರು ತೆಗೆದರು, ತಾಲ್ಲೂಕು ಬದಲಾಯಿಸಲು ಮೇಲಕ್ಕೆ ಬರೆದರು. ಪರಸಪ್ಪನಿಗೆ ಎಚ್ಚರಿಕೆಯ ಜ್ಞಾಪನ ಬಂತು. ಅದನ್ನು ಅವನಿಗೆ ಓದಿ ಹೇಳಬೇಕಾದವಳು ನಾನೇ. ಓದಿದೆ. "ಇಷ್ಟೇನಾ?" ಎಂದು ಮಡಚಿ ಜೇಬಿಗಿಟ್ಟುಕೊಂಡ. ಹಳೆಯ ಮಹಜರು ರದ್ದಾಯಿತು, ಹೊಸದಾಗಿ ಡಂಗುರ ಸಾರಿರಿ ಎಂದು ಆದೇಶವಾಯಿತು. ನಾನು ಆ ವೃತ್ತದಲ್ಲಿ ಮಾಡಿದ ಕೊನೆಯ ಕೆಲಸಗಳಲ್ಲಿ ಅದೊಂದು.

ಬೆಳಗ್ಗೆ ಏಳಕ್ಕೆ ಶುರುಮಾಡಿದೆವು. ಪರಸಪ್ಪ ಒಣಗಿದ ಜೋಳದ ಸೊಪ್ಪೆಯ ಬೆಂಕಿಗೆ ಹಲಗೆ ಕಾಯಿಸಿ ಬಿಗಿ ಮಾಡಿಕೊಂಡ. ಮೊದಲ ಮೂಲೆಯಲ್ಲಿ ಅವನು ಬಡಿದ, ನಾನು ಆದೇಶ ಓದಿದೆ. "ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಸದರಿ ಸರ್ವೆ ನಂಬರಿನ ಗೋಮಾಳದ ಪೈಕಿ" ಎನ್ನುವಷ್ಟರಲ್ಲಿ ಒಬ್ಬ ಮುದುಕ ಹಲ್ಲುಜ್ಜುವುದು ನಿಲ್ಲಿಸಿ, "ಏನಂತಾರಪ್ಪ?" ಎಂದು ಪರಸಪ್ಪನನ್ನು ಕೇಳಿದ. ಎರಡನೆಯ ಮೂಲೆಯಲ್ಲೂ ಅದೇ ಆಯಿತು. ಮೂರನೆಯ ಮೂಲೆಗೆ ನಾನು ಕಾಗದ ಮಡಚಿದೆ. "ಗುಡ್ಡದ ಮ್ಯಾಲೆ ಗಾಳಿಯಂತ್ರ ಬರ್ತಾವ್ರಿ. ರಸ್ತಾ ದೊಣಿ ಮ್ಯಾಲೆ ಹೊಕ್ಕೈತಿ. ಬ್ಯಾಡ ಅನ್ನೋರು ಮೂವತ್ತು ದಿನದಾಗ ಬಂದು ಹೇಳ್ರಿ, ಬರಕೊಂತೀವಿ." ಜನ ಹೊರಗೆ ಬಂದರು. ದೊಣೆ ಹೋದರೆ ಹಟ್ಟಿಯ ಕುರಿಗಳೆಲ್ಲ ತಮ್ಮ ಕೆರೆಗೇ ಬರುತ್ತವೆ ಎಂದು ಹೊಳೆದು ಊರಿನವರೂ ನಿಂತರು. ಮಹಜರಿಗೆ ಸಹಿ ಹಾಕಿದ್ದ ಐವರಲ್ಲಿ ಇಬ್ಬರಿಗೆ, ತಾವು ಸಹಿ ಹಾಕಿದ್ದು ಇದಕ್ಕೆ ಎಂದು ಅವತ್ತೇ ಗೊತ್ತಾಯಿತು. ಏಳನೆಯ ಮೂಲೆ ದಾಟುವಾಗ ಪರಸಪ್ಪ ನನ್ನ ಕಡೆ ತಿರುಗಿ ನೋಡಿದ.

ಹನ್ನೆರಡನೆಯದು ಹಟ್ಟಿ. ಮಾಳವ್ವನ ಅತ್ತೆ ಗುಡಿಸಲ ಮುಂದೆ ಕಂಬಳಿಯ ಮೇಲೆ ಕೂತಿದ್ದಳು. ಹಲಗೆಯ ಸದ್ದು ಗುಡ್ಡ ಹತ್ತಿ ಬರುವುದನ್ನು ಅವಳು ಒಂದೊಂದೇ ಎಣಿಸಿಕೊಂಡಿದ್ದಳು. ನಾನು ಹೇಳಿ ಮುಗಿಸಿದೆ.

"ನೀನೇನವ್ವ ಬರೆಯಾಕಿ?" ಎಂದಳು.

"ಹೌದಬೇ, ನಾನ."

"ಮೊದ್ಲಿನ ಸಲ ಬರದಾಕಿನೂ ನೀನ?"

"ನಾನ."

"ಬರಕೋ ಹಂಗಾರ. ದೊಣಿ ಮುಚ್ಚಬಾರ್ದು. ನನ್ನ ಹೆಸ್ರು ಮೊದ್ಲ ಬರಿ."

ಕಲ್ಲಿನ ಮೇಲೆ ಕಾಗದವಿಟ್ಟು ಬರೆದೆ, ಹೆಬ್ಬೆಟ್ಟು ಒತ್ತಿಸಿಕೊಂಡೆ. ಅವಳು ಸೊಸೆಯನ್ನು ಕರೆದು, "ಪರಸಪ್ಪಗ ಮಜ್ಜಿಗಿ ಕೊಡು, ಹನ್ನೆರಡು ಮೂಲಿ ಬಡದಾನ" ಎಂದಳು. ಮಾಳವ್ವ ಒಂದೇ ಲೋಟ ತಂದಳು. ನಮ್ಮ ಸೀಮೆಯಲ್ಲಿ ಹಟ್ಟಿಗೆ ಹೋದವರಿಗೆ ಮಜ್ಜಿಗೆ ಕೊಡದೆ ಕಳಿಸುವುದು ಎಂದರೆ ನೀನು ನಮಗೆ ಬೇಡದವಳು ಎಂದು ಹೇಳಿದಂತೆ. ಪರಸಪ್ಪ ಲೋಟ ಹಿಡಿದು ಮುಜುಗರದಿಂದ ನಿಂತ. ಕುಡಿ ಎಂದು ಕಣ್ಸನ್ನೆ ಮಾಡಿದೆ. ವಿಚಾರಣೆಯ ಆದೇಶ ಕೈಗೆ ಬಂದ ದಿನಕ್ಕಿಂತ ಆ ದಿನ ನನಗೆ ಹೆಚ್ಚು ನೋವಾಯಿತು.

ಆಕ್ಷೇಪಣೆಗಳು ಬಂದವು, ಊರಿನವರೂ ಕೊಟ್ಟರು. ಜಂಟಿ ತನಿಖೆಗೆ ಹುಲಿಯಾನ್ ಬಂದ. ದೊಣೆಯ ಸುತ್ತ ಎರಡು ಸುತ್ತು ಬಂದು, ಬಗ್ಗಿ ನೀರು ಮುಟ್ಟಿ ನೋಡಿ, "ನನಗೆ ರಸ್ತೆ ಬೇಕು, ಇಲ್ಲೇ ಬೇಕೆಂದಿಲ್ಲ. ಇಲ್ಲಿ ನೀರಿದೆ ಎಂದು ನಕ್ಷೆಯಲ್ಲಿ ಇರಲಿಲ್ಲ. ಮೊದಲೇ ಯಾಕೆ ಯಾರೂ ಹೇಳಲಿಲ್ಲ?" ಎಂದ. ಮೊದಲು ಯಾರೂ ಕೂಗಿರಲಿಲ್ಲ ಎಂದು ಅವನಿಗೆ ನಾನೇ ಹೇಳಿದೆ. ಅವನು ನನ್ನನ್ನು ನೋಡಿ ಟೇಪು ಬಿಚ್ಚಿದ. ರಸ್ತೆ ದೊಣೆಯನ್ನು ಬಳಸಿ ಆಚೆಯಿಂದ ಹೋಯಿತು. ಯಂತ್ರಗಳು ಬಂದವು, ಈಗಲೂ ತಿರುಗುತ್ತಿವೆ.

ಆ ಇಬ್ಬರು ಹೆಣ್ಣುಮಕ್ಕಳಿಗೆ ಇಷ್ಟು ಹೇಳುತ್ತೇನೆ. ನಿಮ್ಮ ಮೊಬೈಲ್ ಗುಂಪಿನಲ್ಲಿ ಆದೇಶ ಹೋದ ಗುರುತು ಬೀಳುತ್ತದೆ, ಓದಿದ ಗುರುತೂ ಬೀಳುತ್ತದೆ. ಆ ಹಟ್ಟಿಯಲ್ಲಿ ಈಗಲೂ ಸಿಗ್ನಲ್ ಸಿಗುವುದಿಲ್ಲ. ನಿಮ್ಮ ವೃತ್ತದ ಊರುಗಳಲ್ಲಿ ಎಷ್ಟೆಷ್ಟು ಮೂಲೆಯಿವೆ ಎಂದು ನಡೆದು ಎಣಿಸಿಕೊಂಡು ಬನ್ನಿ. ಆಮೇಲೆ ನಮೂನೆ ನೀವೇ ಬರೆದುಕೊಳ್ಳುತ್ತೀರಿ.

ದೊಣೆಯನ್ನು ಬಿಟ್ಟು ಉಳಿದ ಜಾಗ ಕೊಡಲಾಗಿದೆ ಎಂಬ ಕೊನೆಯ ಆದೇಶ ಬಂದಾಗ ನನ್ನ ವರ್ಗಾವಣೆಯ ಆದೇಶವೂ ಜೊತೆಗೇ ಬಂತು. ಕೊನೆಯ ಆದೇಶವನ್ನು ಸಾರಲೇಬೇಕೆಂದು ಅದರಲ್ಲಿ ಬರೆದಿರಲಿಲ್ಲ, ಚಾವಡಿಯ ಗೋಡೆಗೆ ಅಂಟಿಸಿದರೆ ಸಾಕಿತ್ತು. ನಾನು ಗುಡ್ಡದೂರಿಗೆ ಹೋಗಿ ಪರಸಪ್ಪನನ್ನು ಕರೆದೆ. ಅವನು ಯಾಕೆಂದು ಕೇಳದೆ ಗೂಟದಿಂದ ಹಲಗೆ ತೆಗೆದ. ಹನ್ನೆರಡು ಮೂಲೆಯೂ ಆಯಿತು. ಹಟ್ಟಿಯಲ್ಲಿ ಕೊನೆಯ ಸಲ ನಿಂತು ದೊಣೆ ನಿಮ್ಮದೇ ಉಳಿಯಿತು ಎಂದು ಹೇಳಿದೆ. ಮಾಳವ್ವ ಮಂದೆಯ ಜೊತೆ ಹೋಗಿದ್ದಳು. ಅತ್ತೆಯೊಬ್ಬಳೇ ಇದ್ದಳು. ಅವಳು ಗೋಡೆ ತಡವಿಕೊಂಡು ಒಳಗೆ ಹೋಗಿ, ಬಹಳ ಹೊತ್ತು ಮಾಡಿ, ಎರಡು ಲೋಟ ಹಿಡಿದು ಬಂದಳು. ಒಂದನ್ನು ಪರಸಪ್ಪನ ಕಡೆ ಚಾಚಿದಳು. ಇನ್ನೊಂದನ್ನು ಹಿಡಿದುಕೊಂಡು, "ಬರೆಯಾಕಿ ಎಲ್ಲಿ ನಿಂತಾಳ?" ಎಂದಳು.

"ಇಲ್ಲೇ ಅದೀನಬೇ" ಎಂದೆ.

ನನ್ನ ದನಿ ಬಂದ ಕಡೆಗೆ ಲೋ‌ಟ ಬಂತು. ಕಣ್ಣು ಕಾಣದವಳ ಕೈ, ಮಜ್ಜಿಗೆಗೆ ಉಪ್ಪು ಎರಡು ಸಲ ಬಿದ್ದಿತ್ತು. ಪೂರ್ತಿ ಕುಡಿದೆ.